ಲವೀನಿಯಾ ವಾರನ್ ಎಂಬಾಕೆಯ ಚರಿತ್ರೆ

ಪ್ರತಿಯೊಂದು ಹೆಣ್ಣುಮಕ್ಕಳ ಶಾಲೆಯಲ್ಲಿಯೂ ವರುಷ ವರುಷಕ್ಕೂ ಮುಂದಿನ ಸಾಲಿನಲ್ಲಿಯೇ ನಿಲ್ಲುವ ಒಬ್ಬ ಗಿಡ್ಡ ಹುಡುಗಿಯಿರುತ್ತಾಳೆ. ಮೈನೆರೆದ ಮೇಲೆ ತಾನೇ ಬೆಳೆದಾಳೆಂದು ನಮ್ಮ ಬೀಳಗಿ, ಮುಧೋಳ, ಜಮಖಂಡಿಯ ಮನೆಗಳಲ್ಲಿ ಹಿರಿಯರು ಸಮಾಧಾನ ಹೇಳುವದುಂಟು. ಈ ಮಾತು ಎಷ್ಟು ನಂಬತಕ್ಕದ್ದೆಂಬುದನ್ನು ತಿಳಿಯುವದಕ್ಕಾಗಿ, ಹಿಂದೆ ಲೋಕಪ್ರಸಿದ್ಧಳಾಗಿದ್ದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಾವು ವಾಚಕರ ಮುಂದೆ ಇಡುತ್ತೇವೆ.

ಲವೀನಿಯಾ ವಾರನ್ ಎಂಬಾಕೆಯು 1841ನೆಯ ಅಕ್ಟೋಬರ್ 31ರಂದು ಅಮೇರಿಕಾ ದೇಶದ ಮಿಡಲ್‌ಬರೋ ಎಂಬ ಊರಲ್ಲಿ ಜನಿಸಿದಳು. ತಂದೆತಾಯಿಗಳೂ ಒಡಹುಟ್ಟಿದವರಲ್ಲಿ ಹೆಚ್ಚಿನವರೂ ಎಲ್ಲರಂತೆ ಎತ್ತರವಾಗಿದ್ದರು. ಲವೀನಿಯಾಳೂ ತಂಗಿ ಮಿನ್ನಿಯೂ ಮಾತ್ರ ಬೆಳೆಯಲಿಲ್ಲ. ದೊಡ್ಡವಳಾದ ಮೇಲೆಯೂ ಲವೀನಿಯಾಳ ಎತ್ತರ ಸುಮಾರು 32 ಅಂಗುಲ ಮಾತ್ರವಿತ್ತು. ಅಂಗಾಂಗಗಳೆಲ್ಲಾ ಒಂದಕ್ಕೊಂದು ಹೊಂದಿಕೊಂಡಿದ್ದವು. ಬುದ್ಧಿಗೆ ಏನೂ ಕೊರತೆಯಿರಲಿಲ್ಲ. ಹದಿನಾರನೆಯ ವಯಸ್ಸಿಗೆ ಆಕೆಯು ಊರ ಶಾಲೆಯ ಉಪಾಧ್ಯಾಯಿನಿಯಾದಳು. ತನಗಿಂತ ಎತ್ತರವಾದ ಮಕ್ಕಳಿಗೆ ಪಾಠ ಹೇಳಿ ಗೌರವ ಸಂಪಾದಿಸಿದಳೆಂಬುದನ್ನು ನಮ್ಮ ಶಾಲೆಯಲ್ಲಿ ಕಲಿತು ಉಪಾಧ್ಯಾಯಿನಿಯರಾದವರು ವಿಶೇಷವಾಗಿ ನೆನಸುವರು.

ಆದರೆ ಆ ಕಾಲದ ಲೋಕವು ಆಕೆಯ ವಿದ್ಯೆಗಿಂತ ಗಿಡ್ಡತನಕ್ಕೇ ಹೆಚ್ಚು ಬೆಲೆ ಕೊಟ್ಟಿತು. 1862ರಲ್ಲಿ ಬಾರ್ನಮ್ ಎಂಬ ಪ್ರದರ್ಶನಕಾರನು ಆಕೆಯನ್ನು ತನ್ನ ಮಂಡಲಿಗೆ ಸೇರಿಸಿಕೊಂಡನು. 1863ನೆಯ ಫೆಬ್ರವರಿ 10ರಂದು ನ್ಯೂಯಾರ್ಕಿನ ಗ್ರೇಸ್ ದೇವಾಲಯದಲ್ಲಿ, ಜನರಲ್ ಟಾಮ್ ಥಂಬ್ ಎಂದು ಹೆಸರಾಗಿದ್ದ ಚಾರ್ಲ್ಸ್ ಸ್ಟ್ರ್ಯಾಟನ್ ಎಂಬ ಗಿಡ್ಡ ಪುರುಷನೊಂದಿಗೆ ಆಕೆಗೆ ವಿವಾಹವಾಯಿತು. ಅಧ್ಯಕ್ಷ ಲಿಂಕನ್ನರು ದಂಪತಿಗಳನ್ನು ತಮ್ಮ ಭವನಕ್ಕೆ ಕರೆಯಿಸಿ ಸತ್ಕರಿಸಿದರು. ಮಕ್ಕಳಿಲ್ಲದ ಈ ದಂಪತಿಗಳ ಕೈಯಲ್ಲಿ ಪರರ ಕೂಸನ್ನಿರಿಸಿ, ಅದು ಇವರದೇ ಎಂದು ಜನರಿಗೆ ತೋರಿಸಿದ್ದೂ ಉಂಟು.

ತಂಗಿ ಮಿನ್ನಿಯ ಗತಿಯು ಇನ್ನೂ ದುಃಖಕರವಾದದ್ದು. ಆಕೆಯು 1878ರಲ್ಲಿ ಗರ್ಭಿಣಿಯಾಗಿ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. 1883ರಲ್ಲಿ ಸ್ಟ್ರ್ಯಾಟನ್ನನು ಮೃತನಾದನು. ಎರಡು ವರುಷಗಳ ಮೇಲೆ ಲವೀನಿಯಾಳು ಪ್ರೀಮೋ ಮಾಗ್ರಿ ಎಂಬವನನ್ನು ಮದುವೆಯಾಗಿ, 1919ನೆಯ ನವೆಂಬರ್ 25ರಂದು 78ನೆಯ ವಯಸ್ಸಿನಲ್ಲಿ ಕಾಲವಾದಳು.

ಆಕೆಯನ್ನು ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸುವ ಮಾರ್ಗವೇ ಆಗ ಇರಲಿಲ್ಲ. ಮಿದುಳಿನ ಬುಡದಲ್ಲಿರುವ ಬಟಾಣಿ ಕಾಳಿನಷ್ಟು ಚಿಕ್ಕ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಬೆಳವಣಿಗೆಯ ಹಾರ್ಮೋನು ಸಾಲದ್ದರಿಂದಲೇ ಹೀಗಾಯಿತೆಂದು ಈಗಿನ ವೈದ್ಯರು ಊಹಿಸುತ್ತಾರೆ. ಈ ಕೊರತೆಯು ಕೆಲವು ವೇಳೆ ವಂಶದಿಂದ ಬರುವದು. ಸ್ಟ್ರ್ಯಾಟನ್ನನ ತಂದೆತಾಯಿಗಳು ರಕ್ತಸಂಬಂಧಿಗಳಾಗಿದ್ದರು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ಸೀಮೆಯವರು ಇದನ್ನು ಗಮನಿಸತಕ್ಕದ್ದು. ಅಂಥ ಮದುವೆಗಳಲ್ಲೆಲ್ಲಾ ಹೀಗಾಗುವದೆಂದಲ್ಲ. ಮರೆಯಾಗಿದ್ದ ದೋಷವು ಪ್ರಕಟವಾಗುವ ಸಂಭವ ಹೆಚ್ಚು.

ಮೊದಲು ಹೇಳಿದ ಸಮಾಧಾನದ ಮಾತನ್ನು ಈಗ ವಿಚಾರಿಸೋಣ. ಹುಡುಗಿಯರು ಹೆಚ್ಚಾಗಿ ಬೆಳೆಯುವದು ಮೈನೆರೆಯುವದಕ್ಕೆ ಮುಂಚೆ. ಅನಂತರ ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಮಾತ್ರ. ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಯಾವ ಔಷಧದಿಂದಲೂ ಎತ್ತರ ಬಾರದು. ಆದಕಾರಣ ಕಾಯುವದು ಅಪಾಯಕರ.

ಹಾಗೆಂದು ಗಿಡ್ಡ ಮಕ್ಕಳೆಲ್ಲಾ ರೋಗಿಗಳಲ್ಲ. ಕೆಲವರು ಹೆತ್ತವರಂತೆ ಗಿಡ್ಡರು. ಕೆಲವರು ತಡವಾಗಿ ಬೆಳೆಯುವವರು. ಪ್ರಾಯಕ್ಕೆ ಮುಂಚಿನ ಮಗುವು ವರುಷಕ್ಕೆ 5 ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ವೈದ್ಯರು ಕಾರಣ ಹುಡುಕುವರು. ಎಡಗೈಯ ಕ್ಷ-ಕಿರಣ ಚಿತ್ರದಿಂದ ಎಲುಬಿನ ವಯಸ್ಸನ್ನು ತಿಳಿಯುವರು. ಥೈರಾಯಿಡ್ ಕೊರತೆಯನ್ನೂ ಹುಡುಗಿಯರಲ್ಲಿ ಟರ್ನರ್ ಎಂಬ ವರ್ಣತಂತು ದೋಷವನ್ನೂ ಶೋಧಿಸುವರು. ಬೆಳವಣಿಗೆಯ ಹಾರ್ಮೋನು ದಿನವೆಲ್ಲಾ ಸಮನಾಗಿ ಹರಿಯದೆ, ವಿಶೇಷವಾಗಿ ನಿದ್ರೆಯಲ್ಲಿ, ಅಲೆಯಲೆಯಾಗಿ ಬರುವದರಿಂದ ಒಂದು ಸಾರಿ ರಕ್ತ ತೆಗೆದರೆ ಸಾಲದು. ಔಷಧ ಕೊಟ್ಟು ಗ್ರಂಥಿಯನ್ನು ಪ್ರಚೋದಿಸಿ ಹಲವು ಸಾರಿ ರಕ್ತ ತೆಗೆಯುವರು. ಪ್ರಾಯ ತಡವಾದ ಆರೋಗ್ಯವಂತ ಮಗುವಿನಲ್ಲಿಯೂ ಈ ಪರೀಕ್ಷೆಯು ಕೊರತೆಯನ್ನು ತೋರಿಸಬಹುದಾದ್ದರಿಂದ, ಕೆಲವು ವೈದ್ಯರು ಮುಂಚಿತವಾಗಿ ಕೆಲವು ದಿನ ಅಲ್ಪ ಪ್ರಮಾಣದ ಪ್ರಾಯದ ಹಾರ್ಮೋನನ್ನು ಕೊಡುತ್ತಾರೆ. ಕೊರತೆ ನಿಶ್ಚಯವಾದರೆ ಮಿದುಳಿನ ಎಂಆರ್‌ಐ ಚಿತ್ರ ತೆಗೆಯಿಸುವರು.

1958ರಲ್ಲಿ ಡಾಕ್ಟರ್ ರೇಬನ್ನರು ಮೃತರ ಗ್ರಂಥಿಯಿಂದ ತೆಗೆದ ಹಾರ್ಮೋನಿನಿಂದ ಒಬ್ಬ ರೋಗಿಯು ಬೆಳೆದುದನ್ನು ಪ್ರಕಟಿಸಿದರು. ಅದರಿಂದ ಕೆಲವರಿಗೆ ಪ್ರಾಣಾಂತಕ ಮಿದುಳುರೋಗ ತಗಲಿದ್ದು 1985ರಲ್ಲಿ ತಿಳಿದು ಅಮೇರಿಕದಲ್ಲಿ ಅದನ್ನು ನಿಲ್ಲಿಸಿದರು. ಅದೇ ವರುಷ ಪ್ರಯೋಗಶಾಲೆಯಲ್ಲಿ ತಯಾರಾದ ಹಾರ್ಮೋನು ಅಲ್ಲಿ ಬಳಕೆಗೆ ಬಂತು.

ಪ್ರಿಯ ತಾಯಂದಿರೇ, ಮಗಳ ಹುಟ್ಟುಹಬ್ಬದಂದು ಅವಳನ್ನು ಗೋಡೆಗೆ ನಿಲ್ಲಿಸಿ ಗೆರೆ ಎಳೆದು ತಾರೀಖು ಬರೆಯಿರಿ. ಎರಡು ಗೆರೆಗಳ ನಡುವಣ ಅಂತರ ಕಿರಿದಾದರೆ ಆ ಲೆಕ್ಕವನ್ನು ಮಕ್ಕಳ ವೈದ್ಯರಿಗೆ ತೋರಿಸಿರಿ. ಲವೀನಿಯಾಳ ತಾಯಿಗೆ ಈ ಅನುಕೂಲವಿರಲಿಲ್ಲ, ನಮಗುಂಟು. ಮುಂದಿನ ಸಾಲಿನ ಆ ಹುಡುಗಿಯನ್ನು ಯಾರೂ ಗಿಡ್ಡಿಯೆಂದು ಹಂಗಿಸಬಾರದು. ಅವಳ ಪಾಠವನ್ನು ಎಲ್ಲರ ಪಾಠದಂತೆಯೇ ಕೇಳತಕ್ಕದ್ದು.