ಮೂಳೆಯೊಳಗಿನ ಎಂಜಿನಿಯರಿಂಗ್: ಜೂಲಿಯಸ್ ವುಲ್ಫ್

ಬೀಮಿನ ಮೇಲೆ ಭಾರ ಹಾಕಿ ನಾವು ಒತ್ತಡದ ಗೆರೆ ಎಳೀತೀವಲ್ಲ, ಅಂಥ ಗೆರೆಗಳನ್ನ ಮೂಳೆಯೊಳಗೆ ಹುಡುಕುತ್ತಾ ಆಯಸ್ಸು ಕಳೆದವರು ಜೂಲಿಯಸ್ ವುಲ್ಫ್. ಹುಟ್ಟಿದ್ದು 1836ರಲ್ಲಿ, ಬರ್ಲಿನ್ನಿನಲ್ಲಿ ಶಸ್ತ್ರವೈದ್ಯರಾಗಿದ್ದರು.

ಸುಳಿವು ಸಿಕ್ಕಿದ್ದು ನಮ್ಮವರಿಂದಲೇ. ಜ್ಯೂರಿಚ್‌ನ ಎಂಜಿನಿಯರ್ ಕುಲ್ಮನ್, ಅಂಗರಚನಾ ತಜ್ಞ ಮೇಯರ್ ಸೀಳಿಟ್ಟ ಮೂಳೆಯಲ್ಲಿ ತಮ್ಮ ಕ್ರೇನ್ ಲೆಕ್ಕದ ಗೆರೆಗಳನ್ನೇ ಕಂಡಿದ್ದರು. ವುಲ್ಫ್ ಆ ಎಳೆ ಹಿಡಿದು ವರ್ಷಗಟ್ಟಲೆ ಮೂಳೆಗಳನ್ನ ತೆಳುವಾಗಿ ಕೊಯ್ದು ನೋಡಿದರು. 1892ರಲ್ಲಿ ಪುಸ್ತಕ ಬಂತು: ಭಾರ ಬದಲಾದರೆ ಮೂಳೆಯ ಒಳರಚನೆಯೂ ಆಕಾರವೂ ಬದಲಾಗುತ್ತವೆ. ಅವರ ಗಣಿತದಲ್ಲಿ ತಪ್ಪಿತ್ತು, ಆದರೆ ಮೂಲ ಮಾತು ಉಳಿಯಿತು. 1902ರಲ್ಲಿ ತೀರಿಕೊಂಡರು.

ಇವತ್ತು ಆ ಮಾತು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನೆನಪಾಗುತ್ತೆ. ಹಲ್ಲು ಕಿತ್ತ ಜಾಗಕ್ಕೆ ಅಗಿಯುವ ಭಾರ ತಲುಪಲ್ಲ. ದವಡೆ ಮೂಳೆ ಕರಗುತ್ತೆ, ಅದೂ ಮೊದಲ ವರ್ಷದಲ್ಲೇ ಹೆಚ್ಚು. ತಡಮಾಡಿದರೆ ಇಂಪ್ಲಾಂಟ್ ಸ್ಕ್ರೂಗೆ ಹಿಡಿತವೇ ಸಿಗದಿರಬಹುದು. ಆಗ ಬೇರೆ ಮೂಳೆ ತುಂಬಿ, ಅದು ಬೆಸೆಯುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಸ್ಕ್ರೂ ಕೂತ ಮೇಲೂ ಭಾರ ಹದವಾಗಿರಬೇಕು. ಅತಿಯಾದರೆ ಸುತ್ತಲಿನ ಮೂಳೆಗೇ ಪೆಟ್ಟು.

ನಾವು ಕಟ್ಟಿದ ಕಂಬ ಭಾರವಿಲ್ಲದಿದ್ದರೂ ನಿಂತಿರುತ್ತೆ. ಮೂಳೆ ಹಾಗಲ್ಲ, ಕೆಲಸವಿದ್ದರೆ ಮಾತ್ರ ಉಳಿಯುತ್ತೆ. ಹಾಗಾಗಿ ಹಲ್ಲು ಕೀಳಿಸಿದ ದಿನವೇ ಮುಂದೇನು ಅಂತ ಡಾಕ್ಟರನ್ನ ಕೇಳೋಣ.