ಕರವಸ್ತ್ರದ ತುದಿಗೆ ಚಾಕು ಕಟ್ಟಿದ ಗಾಲ್ಫ್ ಗುರು

ಗಾಲ್ಫ್ ಆಟಗಾರರ ಹೊಡೆತವನ್ನು ತಿದ್ದಿಕೊಡುವುದಾಗಿ ಹೇಳಿಕೊಳ್ಳುವ ಸಾಧನಗಳಿಗೆ ಇಂದು ಲೆಕ್ಕವಿಲ್ಲ. ಮೊಣಕೈ ಬಾಗದಂತೆ ಬಿಗಿಯುವ ಪಟ್ಟಿ, ತುದಿಯಲ್ಲಿ ಭಾರವಿಟ್ಟ ಬಳುಕುವ ಸ್ಟಿಕ್, ಚೆಂಡಿನ ವೇಗವನ್ನೂ ದಿಕ್ಕನ್ನೂ ಕ್ಷಣಾರ್ಧದಲ್ಲಿ ಅಳೆಯುವ ರೇಡಾರ್ ಯಂತ್ರ ಇತ್ಯಾದಿ ಅಂಗಡಿಗಳಲ್ಲಿ ಸಾಲುಗಟ್ಟಿವೆ. ಆದರೆ ಸುಮಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಶಿಕ್ಷಕರೊಬ್ಬರು ಇದೇ ಕೆಲಸಕ್ಕೆ ಬಳಸಿದ್ದು ಜೇಬಿನಲ್ಲಿರುವ ಎರಡು ವಸ್ತುಗಳನ್ನು ಮಾತ್ರ. ಒಂದು ಕರವಸ್ತ್ರ, ಇನ್ನೊಂದು ಮಡಚುವ ಚಿಕ್ಕ ಚಾಕು.

ಅವರೇ ಅರ್ನೆಸ್ಟ್ ಜೋನ್ಸ್. ಅದೇ ಕಾಲದ ಅಮೆರಿಕದ ಮಹಾನ್ ಆಟಗಾರ ಬಾಬಿ ಜೋನ್ಸ್ ಅವರೊಂದಿಗೆ ಇವರನ್ನು ಗೊಂದಲ ಮಾಡಿಕೊಳ್ಳಬಾರದು. ಬಾಬಿ ಪದಕಗಳಿಂದ ಪ್ರಸಿದ್ಧರಾದರೆ, ಅರ್ನೆಸ್ಟ್ ಕಲಿಸುವಿಕೆಯಿಂದ ಹೆಸರಾದವರು.

1887ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಜೋನ್ಸ್, ಹದಿಹರೆಯ ಮುಗಿಯುವ ಮುನ್ನವೇ ಚಿಸಲ್‌ಹರ್ಸ್ಟ್ ಗಾಲ್ಫ್ ಕ್ಲಬ್ಬಿನಲ್ಲಿ ಸಹಾಯಕ ವೃತ್ತಿಪರರಾಗಿ ಸೇರಿದರು. ಅಂದಿನ ಗಾಲ್ಫ್ ಶಿಕ್ಷಣವೆಂದರೆ ದೇಹದ ಭಾಗಗಳ ವಿವರಣೆಯೇ ಆಗಿತ್ತು. ಎಡ ಮೊಣಕೈ ಎಲ್ಲಿರಬೇಕು, ಸೊಂಟ ಎಷ್ಟು ತಿರುಗಬೇಕು, ಯಾವ ಕಾಲಿನ ಮೇಲೆ ಎಷ್ಟು ಭಾರ ಬೀಳಬೇಕು ಎಂದು ಪುಸ್ತಕಗಳು ಛಾಯಾಚಿತ್ರ ಸಮೇತ ಬೋಧಿಸುತ್ತಿದ್ದವು. ಈ ಬಗೆಯ ಬೋಧನೆಯಲ್ಲಿ ಜೋನ್ಸ್ ಅವರಿಗೆ ಮೊದಲಿನಿಂದಲೂ ಸಂಶಯವಿತ್ತು. ತಾವು ಹುಟ್ಟಿದ ವರ್ಷವೇ ಪ್ರಕಟವಾಗಿದ್ದ ಸರ್ ವಾಲ್ಟರ್ ಸಿಂಪ್ಸನ್ ಅವರ ಗಾಲ್ಫ್ ಗ್ರಂಥವನ್ನು ಓದಿದ ಮೇಲೆ ಅದು ಇನ್ನಷ್ಟು ಬಲಗೊಂಡಿತು. ಚೆಂಡನ್ನು ಹೊಡೆಯುವುದೊಂದೇ ಮುಖ್ಯ, ಉಳಿದುದೆಲ್ಲ ಅದರ ಹಿಂದೆ ಬರುವಂಥದು ಎಂಬುದು ಆ ಗ್ರಂಥದಿಂದ ಅವರು ಪಡೆದ ಸಾರ.

ಸಂಶಯ ಸಿದ್ಧಾಂತವಾದದ್ದು ಯುದ್ಧಭೂಮಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿದ ಜೋನ್ಸ್, 1916ರ ಮಾರ್ಚ್‌ನಲ್ಲಿ ಫ್ರಾನ್ಸಿನ ಲೂಸ್ ಬಳಿ ಗ್ರೆನೇಡ್ ಸ್ಫೋಟಕ್ಕೆ ಸಿಲುಕಿದರು. ತಲೆ, ಬಲ ಮುಂಗೈ ಹಾಗೂ ಬಲಗಾಲಿಗೆ ಲೋಹದ ಚೂರುಗಳು ಹೊಕ್ಕವು. ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಗಾಲ್ಫನ್ನೇ ಅನ್ನವಾಗಿ ನಂಬಿದ್ದವನಿಗೆ ಕಾಲು ಹೋಯಿತೆಂದರೆ ಕಸುಬೇ ಹೋದಂತೆ ಎಂದು ಯಾರಾದರೂ ಭಾವಿಸುವುದು ಸಹಜ.

ಆದರೆ ಕೆಲವೇ ತಿಂಗಳಲ್ಲಿ ಜೋನ್ಸ್ ರಾಯಲ್ ನಾರ್ವಿಚ್ ಮೈದಾನಕ್ಕೆ ಇಳಿದರು. ಒಂಟಿಕಾಲಿನ ಮೇಲೆ ನಿಂತು 18 ಕುಳಿಗಳ ಪೂರ್ಣ ಸುತ್ತು ಆಡಿ 83 ಹೊಡೆತಗಳಲ್ಲಿ ಮುಗಿಸಿದರು. ಮೊದಲ ಒಂಬತ್ತು ಕುಳಿಗಳಿಗೆ 38, ಆಯಾಸಗೊಂಡ ಮೇಲಿನ ಒಂಬತ್ತಕ್ಕೆ 45. ಹೊಡೆತ ಕಡಿಮೆಯಾದಷ್ಟೂ ಶ್ರೇಷ್ಠವೆನಿಸುವ ಈ ಆಟದಲ್ಲಿ ಎರಡು ಕಾಲುಗಳುಳ್ಳ ಹವ್ಯಾಸಿಗಳು ಇಂದಿಗೂ 90 ದಾಟದಿದ್ದರೆ ಸಂತೋಷಪಡುತ್ತಾರೆ. ಮುಂದೆ ಮತ್ತೊಂದು ಮೈದಾನದಲ್ಲಿ ಅವರು 72ಕ್ಕೇ ಸುತ್ತು ಮುಗಿಸಿದರು.

ಇದು ಛಲದ ಕಥೆಯಷ್ಟೇ ಆಗಿದ್ದರೆ ಜೋನ್ಸ್ ಅವರ ಹೆಸರು ಇಷ್ಟು ಕಾಲ ಉಳಿಯುತ್ತಿರಲಿಲ್ಲವೇನೋ. ಅವರು ಮುಂದಿಟ್ಟದ್ದು ಸರಳ ಪ್ರಶ್ನೆ. ಕಾಲು, ಸೊಂಟಗಳ ಚಲನೆಯೇ ಹೊಡೆತದ ಮೂಲವಾಗಿದ್ದರೆ ಕಾಲಿಲ್ಲದವನ ಚೆಂಡು ನೆಟ್ಟಗೆ ಹೋದದ್ದು ಹೇಗೆ? ಸ್ಟಿಕ್ಕಿನ ತುದಿಯನ್ನು ಸರಿಯಾಗಿ ಬೀಸಬೇಕೆಂದು ಕೈ ನಿರ್ಧರಿಸಿದರೆ, ದೇಹ ತನ್ನಲ್ಲಿರುವ ಅಂಗಗಳಿಂದಲೇ ಅದಕ್ಕೆ ಹೊಂದಿಕೊಳ್ಳುತ್ತದೆ ಎಂಬುದು ಅವರು ಕಂಡುಕೊಂಡ ಉತ್ತರ.

ಈ ಉತ್ತರವನ್ನು ಶಿಷ್ಯರ ಕೈಗೆ ಮುಟ್ಟಿಸಲು ಬಂದದ್ದೇ ಆ ಚಾಕು. ಕರವಸ್ತ್ರದ ಒಂದು ತುದಿಗೆ ಚಾಕು ಕಟ್ಟಿ, ಇನ್ನೊಂದು ತುದಿಯನ್ನು ಬೆರಳುಗಳಲ್ಲಿ ಹಿಡಿದು ತೂಗಬೇಕು. ಹಕ್ಕಿ ಓಡಿಸುವ ಕವಣೆಯನ್ನು ಬೀಸಿದವರಿಗೆ ಇದರ ಗುಟ್ಟು ಬಲ್ಲದ್ದೇ. ಬಟ್ಟೆಯನ್ನು ಎಳೆಯಬಹುದು, ತಳ್ಳಲು ಆಗದು. ಬೀಸು ಹದವಾಗಿದ್ದಷ್ಟು ಹೊತ್ತು ಕರವಸ್ತ್ರ ಬಿಗಿಯಾಗಿದ್ದು ಚಾಕು ಗಡಿಯಾರದ ಲೋಲಕದಂತೆ ಕಮಾನಿನಲ್ಲಿ ಸಾಗುತ್ತದೆ. ಅವಸರಪಟ್ಟು ಕೈ ಜಗ್ಗಿದರೆ ಅಥವಾ ಮೀಟಲು ಹೊರಟರೆ ಬಟ್ಟೆ ಸಡಿಲಗೊಂಡು ಚಾಕು ದಾರಿ ತಪ್ಪುತ್ತದೆ.

ಗಟ್ಟಿಯಾದ ಸ್ಟಿಕ್ಕಿನಲ್ಲಿ ಈ ತಪ್ಪು ಕಾಣುವುದಿಲ್ಲ. ತಳ್ಳಿದರೂ ಅದು ಚಲಿಸುತ್ತದೆ, ಆಟಗಾರ ತಾನು ಬೀಸಿದೆನೆಂದೇ ನಂಬುತ್ತಾನೆ. ಆದ್ದರಿಂದ ಜೋನ್ಸ್ ಕರವಸ್ತ್ರವನ್ನೂ ಸ್ಟಿಕ್ಕನ್ನೂ ಒಟ್ಟಿಗೇ ಬೀಸಿಸುತ್ತಿದ್ದರು. ಎರಡೂ ಜೊತೆಯಾಗಿ ಸಾಗಿದರೆ ಅದು ಬೀಸು, ಬೇರ್ಪಟ್ಟರೆ ಅಲ್ಲ. ಇಂದಿನ ಅನೇಕ ಉಪಕರಣಗಳು ದೇಹವನ್ನು ಕಟ್ಟಿಹಾಕಿ ಒಂದು ಭಂಗಿಗೆ ಒಗ್ಗಿಸುತ್ತವೆ. ಈ ಚಾಕು ಯಾವುದನ್ನೂ ಒಗ್ಗಿಸುವುದಿಲ್ಲ, ತಪ್ಪಿದಾಗ ತಿಳಿಸುತ್ತದೆ ಅಷ್ಟೇ. ವರದಿಗಾರನ ದೃಷ್ಟಿಯಲ್ಲಿ ಅದರ ಹೆಚ್ಚುಗಾರಿಕೆ ಅಲ್ಲೇ ಇದೆ.

1920ರಲ್ಲಿ ಡ್ಯಾರಿನ್ ಹ್ಯಾಮಂಡ್ ಎಂಬ ಲೇಖಕರು ಜೋನ್ಸ್ ಪದ್ಧತಿಯನ್ನು ಕುರಿತು ಪುಸ್ತಕ ಬರೆದರು. ಕೆಲವು ವರ್ಷಗಳ ಬಳಿಕ ಅಮೆರಿಕಕ್ಕೆ ತೆರಳಿದ ಜೋನ್ಸ್, ಮೇರಿಯನ್ ಹಾಲಿನ್ಸ್ ಅವರು ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನಲ್ಲಿ ಮಹಿಳೆಯರಿಗಾಗಿ ಸ್ಥಾಪಿಸಿದ್ದ ಗಾಲ್ಫ್ ಕ್ಲಬ್ಬಿನಲ್ಲಿ ಶಿಕ್ಷಕರಾದರು. ಮುಂದೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಒಳಾಂಗಣದಲ್ಲೇ ಪಾಠ ಹೇಳಿದರು. ಚೆಂಡು ಎಲ್ಲಿ ಬಿತ್ತೆಂದು ನೋಡಲು ಅಲ್ಲಿ ಅವಕಾಶವಿರಲಿಲ್ಲ. ಗಮನವೆಲ್ಲ ಬೀಸಿನ ಮೇಲೆಯೇ ಇರಬೇಕೆನ್ನುವ ಗುರುವಿಗೆ ಅದು ಅನುಕೂಲವೇ ಆಗಿದ್ದಿರಬೇಕು.

ಅವರ ಪದ್ಧತಿಗೆ ದೊಡ್ಡ ಸಾಕ್ಷಿ ವರ್ಜೀನಿಯಾ ವ್ಯಾನ್ ವೀ. 1928ರ ಅಮೆರಿಕ ಮಹಿಳಾ ಅಮೆಚೂರ್ ಫೈನಲ್‌ನಲ್ಲಿ ಈಕೆ ಗ್ಲೆನಾ ಕಾಲೆಟ್ ಎದುರು ಹೀನಾಯವಾಗಿ ಸೋತಿದ್ದರು. ಇನ್ನೂ 12 ಕುಳಿಗಳು ಬಾಕಿಯಿರುವಾಗಲೇ 13 ಕುಳಿಗಳ ಹಿನ್ನಡೆಯಾಗಿತ್ತು. 1930ರಲ್ಲೂ ಅದೇ ಎದುರಾಳಿಗೆ ಮಣಿದರು. ವರ್ಷಗಳ ಕಾಲ ಜೋನ್ಸ್ ಬಳಿ ಕಲಿತ ಅವರು 1932ರ ಫೈನಲ್‌ನಲ್ಲಿ ಅದೇ ಗ್ಲೆನಾ ಅವರನ್ನು 8 ಕುಳಿಗಳು ಉಳಿದಿರುವಂತೆಯೇ 10ರ ಮುನ್ನಡೆಯಿಂದ ಸೋಲಿಸಿದರು. 1933 ಮತ್ತು 1934ರಲ್ಲೂ ಪ್ರಶಸ್ತಿ ಅವರದೇ. ಗ್ಲೆನಾ, ಲಾಸನ್ ಲಿಟಲ್, ಹಾರ್ಟನ್ ಸ್ಮಿತ್ ಅವರೂ ಜೋನ್ಸ್ ಅವರಿಂದ ಪಾಠ ಪಡೆದವರ ಸಾಲಿನಲ್ಲಿದ್ದಾರೆ.

ಇಷ್ಟಾದರೂ ಸಹವೃತ್ತಿಯವರು ಅವರನ್ನು ಪೂರ್ಣವಾಗಿ ಒಪ್ಪಲಿಲ್ಲ. ಇಷ್ಟು ಸರಳವಾಗಿ ಕಲಿಸಿದರೆ ಪಾಠಗಳು ಬೇಗ ಮುಗಿದು ಶಿಕ್ಷಕರ ಸಂಪಾದನೆಗೆ ಪೆಟ್ಟು ಬೀಳುತ್ತದೆಂಬ ಕಾರಣಕ್ಕೇ ಅವರ ಪದ್ಧತಿಯನ್ನು ಬದಿಗಿಡಲಾಯಿತು ಎಂಬ ಮಾತು ಗಾಲ್ಫ್ ವಲಯದಲ್ಲಿ ಬಹುಕಾಲದಿಂದ ಇದೆ. ಹಾಗೆಂದು ಟೀಕೆಯಲ್ಲಿ ತಥ್ಯವೇ ಇಲ್ಲವೆನ್ನಲಾಗದು. ಕಾಲುಗಳು ನೆಲವನ್ನು ಒತ್ತುವ ಬಲದಿಂದ ಹೊಡೆತಕ್ಕೆ ದೂರ ದಕ್ಕುತ್ತದೆಂದು ಇಂದಿನ ಅಳತೆಗಳು ತೋರಿಸುತ್ತವೆ. ಆದರೆ ಕಾಲು ಅಲುಗದೆಂದು ಜೋನ್ಸ್ ವಾದಿಸಿರಲಿಲ್ಲ. ಅದನ್ನು ನೆನೆಯುತ್ತಾ ಬೀಸಿದರೆ ಬೀಸು ಕೆಡುತ್ತದೆ ಎಂಬುದಷ್ಟೇ ಅವರ ನಿಲುವು.

1937ರಲ್ಲಿ ಇನಿಸ್ ಬ್ರೌನ್ ಜೊತೆಗೂಡಿ, 1952ರಲ್ಲಿ ಡೇವಿಡ್ ಐಸೆನ್‌ಬರ್ಗ್ ಜೊತೆಗೂಡಿ ಜೋನ್ಸ್ ಎರಡು ಪುಸ್ತಕಗಳನ್ನು ಹೊರತಂದರು. 1965ರಲ್ಲಿ ಅವರು ನಿಧನರಾದರು. ಇಂದು ಮಾರಾಟವಾಗುವ, ತುದಿಗೆ ಭಾರವಿಟ್ಟ ಬಳುಕುವ ಸ್ಟಿಕ್ಕುಗಳು ಬಹುಮಟ್ಟಿಗೆ ಅವರ ಕರವಸ್ತ್ರದ ತತ್ತ್ವವನ್ನೇ ಅನುಸರಿಸುತ್ತವೆ. ಬೆಲೆ ಮಾತ್ರ ಬೇರೆ.