ಇಲಿ ಪಾಷಾಣದಿಂದ ಜೀವರಕ್ಷಕ ಮಾತ್ರೆಗೆ: ಕಾರ್ಲ್ ಪಾಲ್ ಲಿಂಕ್

ಸದಾ ನೀರು ಸುರಿಸುವ ಕಣ್ಣಿಗೆ ಶಸ್ತ್ರಚಿಕಿತ್ಸೆ ಬಯಸಿ ಬಂದವರನ್ನು ನೇತ್ರತಜ್ಞರು ಕೇಳುವ ಒಂದು ಪ್ರಶ್ನೆ ಕಣ್ಣಿಗೆ ಸಂಬಂಧಿಸಿದ್ದೇ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಿರುವಿರಾ ಎಂಬುದೇ ಆ ಪ್ರಶ್ನೆ. ಅಂತಹ ಮಾತ್ರೆಗಳಲ್ಲಿ ದಶಕಗಳ ಕಾಲ ಅಗ್ರಸ್ಥಾನದಲ್ಲಿದ್ದ ವಾರ್ಫರಿನ್ ರೂಪುಗೊಂಡದ್ದು ವೈದ್ಯರ ಕೈಯಲ್ಲಲ್ಲ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದಲ್ಲಿ.

1901ರಲ್ಲಿ ಇಂಡಿಯಾನಾ ರಾಜ್ಯದ ಲಾಪೋರ್ಟ್‌ನಲ್ಲಿ ಜನಿಸಿದ ಲಿಂಕ್, ಪಾದ್ರಿಯೊಬ್ಬರ ಹತ್ತು ಮಕ್ಕಳಲ್ಲಿ ಒಬ್ಬರು. 1925ರಲ್ಲಿ ಡಾಕ್ಟರೇಟ್ ಪಡೆದು, ಯುರೋಪಿನಲ್ಲಿ ಹೆಚ್ಚಿನ ಅಧ್ಯಯನ ನಡೆಸಿ, ವಿಸ್ಕಾನ್ಸಿನ್‌ಗೆ ಅಧ್ಯಾಪಕರಾಗಿ ಮರಳಿದರು. ಯುರೋಪಿನಲ್ಲೇ ಅಂಟಿದ ಕ್ಷಯರೋಗ ಮುಂದೆಯೂ ಅವರನ್ನು ಬಿಡಲಿಲ್ಲ.

1933ರ ಫೆಬ್ರವರಿಯ ಒಂದು ಶನಿವಾರ, ಹಿಮಗಾಳಿಯ ನಡುವೆ ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 300 ಕಿ.ಮೀ. ದೂರದಿಂದ ಅವರ ಬಾಗಿಲಿಗೆ ಬಂದ. ಆತನ ವಾಹನದಲ್ಲಿ ಸತ್ತ ಕಡಸು, ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ಹಾಗೂ ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು ಇದ್ದವು. ಬೂಷ್ಟು ಹಿಡಿದ ಈ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತವೆಂಬುದನ್ನು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಹತ್ತು ವರ್ಷ ಮೊದಲೇ ಗುರುತಿಸಿದ್ದರು. ಮೇವು ಬದಲಿಸೆನ್ನುವುದರ ಹೊರತು ಲಿಂಕ್ ಅಂದು ರೈತನಿಗೆ ಹೆಚ್ಚೇನೂ ಮಾಡಲಾಗಲಿಲ್ಲ. ಆದರೆ ಆ ರಕ್ತ ಪ್ರಯೋಗಾಲಯದಲ್ಲೇ ಉಳಿಯಿತು.

ಆರು ವರ್ಷಗಳ ಪರಿಶ್ರಮದ ಬಳಿಕ, 1939ರಲ್ಲಿ ಅವರ ಸಹಾಯಕ ಹೆರಾಲ್ಡ್ ಕ್ಯಾಂಪ್‌ಬೆಲ್ ಆ ವಿಷವಸ್ತುವನ್ನು ಹರಳಾಗಿ ಬೇರ್ಪಡಿಸಿದರು. ಅದೇ ಡೈಕ್ಯುಮರಾಲ್. ಅದರ ಪರಿಣಾಮವನ್ನು ವಿಟಮಿನ್ ಕೆ ಹಿಮ್ಮೆಟ್ಟಿಸುತ್ತದೆಂಬುದನ್ನೂ ಲಿಂಕ್ ತಂಡ ತೋರಿಸಿತು. ಬಹುಶಃ ಇದೇ ಹೆಚ್ಚು ಬೆಲೆಯುಳ್ಳ ಕಾಣಿಕೆ.

1945ರಲ್ಲಿ ಕ್ಷಯ ಮರುಕಳಿಸಿ ಆರೋಗ್ಯಧಾಮ ಸೇರಿದ ಲಿಂಕ್, ಹಾಸಿಗೆಯಲ್ಲಿ ಮಲಗಿಯೇ ಇಲಿ ನಿಯಂತ್ರಣದ ಇತಿಹಾಸ ಓದಿದರು. 1948ರಲ್ಲಿ ವಾರ್ಫರಿನ್ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1951ರಲ್ಲಿ ಅಮೆರಿಕದ ಸೈನಿಕನೊಬ್ಬ ಅದನ್ನು ನುಂಗಿ ಆತ್ಮಹತ್ಯೆಗೆ ಯತ್ನಿಸಿ, ವಿಟಮಿನ್ ಕೆ ಚಿಕಿತ್ಸೆಯಿಂದ ಪೂರ್ಣ ಚೇತರಿಸಿಕೊಂಡ. ಮನುಷ್ಯರ ಮೇಲಿನ ಬಳಕೆಗಿದ್ದ ಅಳುಕು ಕರಗಿತು. 1954ರಲ್ಲಿ ಅನುಮತಿ ದೊರೆಯಿತು. ಮರುವರ್ಷ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನು ನೀಡಲಾಯಿತು. ವಿಚಿತ್ರ ವೇಷಭೂಷಣ ಹಾಗೂ ನಿಷ್ಠುರ ನಡೆಗೆ ಹೆಸರಾಗಿದ್ದ ಲಿಂಕ್ ಎರಡು ಬಾರಿ ಲಾಸ್ಕರ್ ಪ್ರಶಸ್ತಿ ಪಡೆದು, 1978ರ ನವೆಂಬರ್‌ನಲ್ಲಿ ನಿಧನರಾದರು.

ಕಣ್ಣೀರಿನ ನಾಳದ ಚಿಕಿತ್ಸೆಯಲ್ಲಿ ಈ ಔಷಧ ಇಬ್ಬಗೆಯ ಸಂಕಟ ತರುತ್ತದೆ. ಇಟಲಿಯ ಅಡೆಯೊ ಟೋಟಿ 1904ರಲ್ಲಿ ವಿವರಿಸಿದ ವಿಧಾನದಲ್ಲಿ, ಮೂಗಿನ ಪಕ್ಕದ ತೆಳು ಮೂಳೆ ತೆಗೆದು ಕಣ್ಣೀರಿನ ಚೀಲದಿಂದ ಮೂಗಿಗೆ ಹೊಸ ದಾರಿ ಮಾಡಲಾಗುತ್ತದೆ. ಮೂಗಿನ ಒಳಪೊರೆ ರಕ್ತನಾಳಗಳ ಜಾಲ. ಅಲ್ಲಿ ರಕ್ತ ಒಸರಿದರೆ ವೈದ್ಯರ ಕಣ್ಣಿಗೆ ಏನೂ ಕಾಣದು. ಹಾಗೆಂದು ಮಾತ್ರೆ ನಿಲ್ಲಿಸಿದರೆ, ಹೃದಯದಲ್ಲಿ ಲೋಹದ ಕವಾಟವಿರುವವರಿಗೆ ಪಾರ್ಶ್ವವಾಯುವಿನ ಭೀತಿ. ಕಣ್ಣೀರು ಸುರಿಯುವುದು ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗದು, ಪಾರ್ಶ್ವವಾಯು ಹಾಗಲ್ಲ. ಆದ್ದರಿಂದ ರೋಗಿ ತಾನಾಗಿಯೇ ಮಾತ್ರೆ ಬಿಡುವಂತಿಲ್ಲ. ಹೃದ್ರೋಗ ತಜ್ಞರು ಒಪ್ಪಿದರೆ ಸಾಮಾನ್ಯವಾಗಿ ಐದು ದಿನ ಮೊದಲು ವಾರ್ಫರಿನ್ ನಿಲ್ಲಿಸಿ, ರಕ್ತ ಹೆಪ್ಪುಗಟ್ಟುವ ಅವಧಿಯನ್ನು ಪರೀಕ್ಷಿಸಿದ ಬಳಿಕವೇ ಚಾಕು ಎತ್ತಿಕೊಳ್ಳಲಾಗುತ್ತದೆ. ಅಪಾಯ ಹೆಚ್ಚಿರುವ ಕೆಲವರಿಗೆ ನಡುವಿನ ದಿನಗಳಲ್ಲಿ ಹೆಪಾರಿನ್ ಚುಚ್ಚುಮದ್ದು ನೀಡುವುದುಂಟು.